ಗಾಯಗೊಂಡ ಹಿರಿಯ ಫಾರ್ವರ್ಡ್‌ನನ್ನು ಮುಂದಿನ ಸೀಸನ್‌ಗೆ ಉಳಿಸಿಕೊಳ್ಳಬೇಕಾ? ನಿರ್ಧಾರ ಮಾಡುವುದು ಹೀಗೆ

ಸೀಸನ್ ಮುಗಿದಿದೆ. ನಿಮ್ಮ ಹಾಕಿ ತಂಡದ ಹಿರಿಯ ಫಾರ್ವರ್ಡ್‌ಗೆ, ಅಂದರೆ ಮುಂದೆ ನಿಂತು ಗೋಲು ಹೊಡೆಯುವವನಿಗೆ, 34 ವರ್ಷ. ಮಂಡಿ ಆಪರೇಷನ್ ಆಗಿ ಆರು ತಿಂಗಳಾಗಿದೆ. ದಿನಾ ಬೆಳಿಗ್ಗೆ ಮೈದಾನಕ್ಕೆ ಬಂದು ಗೋಲ್ ಪೋಸ್ಟ್ ಹಿಂದೆ ನಿಂತು ಹುಡುಗರ ಆಟ ನೋಡುತ್ತಾನೆ. ಒಂದು ದಿನ ಹತ್ತಿರ ಬಂದು ಕೇಳುತ್ತಾನೆ, "ಸಾರ್, ಈ ಸಲ ಲಿಸ್ಟಲ್ಲಿ ನನ್ನ ಹೆಸರು ಇದೆ ತಾನೆ?"

ತುಮಕೂರಿನಲ್ಲಿ ಒಂದು ಸಣ್ಣ ಹಾಕಿ ತಂಡ ನೋಡಿಕೊಳ್ಳುವ ನನಗೆ ಈ ಪ್ರಶ್ನೆ ಮೂರು ಸಲ ಎದುರಾಗಿದೆ. ಮೊದಲ ಸಲ, ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಹರಿದಿದ್ದ ಒಬ್ಬ ಹಿರಿಯನ ವಿಷಯದಲ್ಲಿ, ತಪ್ಪು ಮಾಡಿದೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಕೂತಿದ್ದೆವು, ಯಾರೋ ಹಳೆಯ ಫೈನಲ್ ಒಂದರ ಕಥೆ ತೆಗೆದರು, ಕೊನೆಯ ನಿಮಿಷದಲ್ಲಿ ಅವನು ಹೊಡೆದ ಗೋಲು ನೆನಪಾಗಿ ಎಲ್ಲರ ಮನಸ್ಸು ತುಂಬಿ ಬಂತು, ಅಲ್ಲೇ "ಪೂರ್ತಿ ಸೀಸನ್ ನೀನೇ" ಎಂದು ಮಾತು ಕೊಟ್ಟುಬಿಟ್ಟೆವು. ಎರಡನೇ ಪಂದ್ಯದಲ್ಲಿ ಅದೇ ಹ್ಯಾಮ್‌ಸ್ಟ್ರಿಂಗ್ ಮತ್ತೆ ಹರಿಯಿತು. ಅವನ ಜಾಗಕ್ಕಾಗಿ ಕಾಯುತ್ತಿದ್ದ 19 ವರ್ಷದ ಹುಡುಗ ಅಷ್ಟರಲ್ಲಿ ಬೇರೆ ತಂಡಕ್ಕೆ ಹೋಗಿದ್ದ. ಇಬ್ಬರಿಗೂ ಅನ್ಯಾಯ ಮಾಡಿದೆ ಅನ್ನುವ ನೋವು ಈಗಲೂ ಇದೆ. ಆಮೇಲಿನ ಎರಡು ಸಲ ಏನು ಮಾಡಿದೆ, ಏನು ನೋಡಿದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪ್ರಶ್ನೆಯನ್ನೇ ಬದಲಾಯಿಸಿ. "ಇವನು ವಾಸಿಯಾಗಿದ್ದಾನಾ?" ಎಂದು ಕೇಳಬೇಡಿ. "ನಮಗೆ ಇವನಿಂದ ಯಾವ 20 ನಿಮಿಷ ಬೇಕು?" ಎಂದು ಕೇಳಿ. ಹಾಕಿಯಲ್ಲಿ ಈಗ 15 ನಿಮಿಷದ ನಾಲ್ಕು ಕ್ವಾರ್ಟರ್, ಒಟ್ಟು 60 ನಿಮಿಷ. ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಹೊರಗೆ ಬಂದವನು ಮತ್ತೆ ಒಳಗೆ ಹೋಗಬಹುದು. ಫುಟ್‌ಬಾಲ್‌ನಲ್ಲಿ ಈ ಅನುಕೂಲ ಇಲ್ಲ. ಹಾಗಾಗಿ 60 ನಿಮಿಷ ಓಡಲಾಗದ ಫಾರ್ವರ್ಡ್ ಕೂಡ ನಮ್ಮ ಆಟದಲ್ಲಿ ಕೆಲಸಕ್ಕೆ ಬರುತ್ತಾನೆ. ಆದರೆ ಆ ಕೆಲಸ ಯಾವುದು ಅಂತ ನಿಮಗೆ ಮೊದಲೇ ಗೊತ್ತಿರಬೇಕು.

ಒಂದು ಹಾಳೆ ತೆಗೆದುಕೊಳ್ಳಿ. ಕಳೆದ ಸೀಸನ್‌ನಲ್ಲಿ ಗಾಯ ಆಗುವ ಮೊದಲು ಅವನು ಹೊಡೆದ ಗೋಲುಗಳು ಹೇಗೆ ಬಂದವು ಅಂತ ಬರೆಯಿರಿ. ಅರ್ಧ ಮೈದಾನದಿಂದ ಚೆಂಡು ತಂದು ಇಬ್ಬರನ್ನು ದಾಟಿ ಹೊಡೆದದ್ದು ಎಷ್ಟು? ಡಿ (ಗೋಲಿನ ಮುಂದಿನ ಅರ್ಧವೃತ್ತ) ಒಳಗೆ ಸರಿಯಾದ ಜಾಗದಲ್ಲಿ ನಿಂತು ಸ್ಟಿಕ್ ತಾಗಿಸಿದ್ದು ಎಷ್ಟು? ರೀಬೌಂಡ್, ಅಂದರೆ ತಡೆದು ವಾಪಸ್ ಬಂದ ಚೆಂಡನ್ನು ಹೊಡೆದದ್ದು ಎಷ್ಟು? ವೇಗದಿಂದಲೇ ಗೋಲು ಹೊಡೆಯುತ್ತಿದ್ದವನಿಗೆ ಕಾಲಿನ ಗಾಯ ಅಂದರೆ ಅವನ ಬಂಡವಾಳಕ್ಕೇ ಪೆಟ್ಟು. ಡಿ ಒಳಗಿನ ಜಾಣತನದಿಂದ ಹೊಡೆಯುತ್ತಿದ್ದವನಿಗೆ ಹಾಗಲ್ಲ. ಗೋಲ್‌ಕೀಪರ್ ಕಣ್ಣಿಗೆ ಅಡ್ಡ ನಿಲ್ಲುವುದು, ಡಿಫೆಂಡರ್‌ನ ಬೆನ್ನ ಹಿಂದಿನಿಂದ ಅರ್ಧ ಹೆಜ್ಜೆ ಮುಂದೆ ಜಾರುವುದು, ಇದೆಲ್ಲ ವಯಸ್ಸಿನ ಜೊತೆ ಬರುವ ವಿದ್ಯೆ. ಮಂಡಿ ಹೋದರೂ ಇದು ಹೋಗುವುದಿಲ್ಲ.

ಇಲ್ಲಿ ಒಂದು ಮೋಸದ ಯೋಚನೆ ಬರುತ್ತದೆ, ಎಚ್ಚರ. "ಅವನನ್ನು ಬೆಂಚ್ ಮೇಲೆ ಇಟ್ಟುಕೊಂಡು ಪೆನಾಲ್ಟಿ ಕಾರ್ನರ್ (ಎದುರಾಳಿ ಡಿ ಒಳಗೆ ತಪ್ಪು ಮಾಡಿದಾಗ ಸಿಗುವ ಗೋಲಿನ ಅವಕಾಶ) ಸಿಕ್ಕಾಗ ಮಾತ್ರ ಕಳಿಸೋಣ" ಎಂದು ಕಮಿಟಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಆಗುವುದಿಲ್ಲ. ಪೆನಾಲ್ಟಿ ಕಾರ್ನರ್ ಕೊಟ್ಟ ಕ್ಷಣದಿಂದ ಅದು ಮುಗಿಯುವವರೆಗೂ ಆಟಗಾರರನ್ನು ಬದಲಾಯಿಸುವಂತಿಲ್ಲ. ರಕ್ಷಣೆ ಮಾಡುವ ತಂಡದ ಗೋಲ್‌ಕೀಪರ್‌ಗೆ ಗಾಯವಾದರೆ ಅಥವಾ ಕಾರ್ಡ್ ಸಿಕ್ಕರೆ ಅಷ್ಟೇ ಬೇರೆ ಮಾತು. ಅಂದರೆ ಕಾರ್ನರ್ ಸಿಗುವಾಗ ಅವನು ಮೈದಾನದಲ್ಲೇ ಇರಬೇಕು. ಇನ್ನೊಂದು ವಿಷಯ, ಕಾರ್ನರ್ ಶುರು ಮಾಡಲು ಬೇಸ್‌ಲೈನ್‌ನಿಂದ (ಗೋಲ್ ಪೋಸ್ಟ್ ಇರುವ ಗೆರೆ) ಚೆಂಡು ತಳ್ಳುವ ಕೆಲಸ ಸುಲಭ ಅಂತ ಕಾಣುತ್ತದೆ, ಆದರೆ ಆ ಉದ್ದನೆಯ ಹೆಜ್ಜೆಯಲ್ಲಿ ಮುಂದಿನ ಕಾಲಿನ ಮಂಡಿ ಮೇಲೆ ಒಳ್ಳೆಯ ಭಾರ ಬೀಳುತ್ತದೆ. ಗಾಯ ಯಾವ ಕಾಲಿಗೆ ಆಗಿದೆ ಅಂತ ನೋಡಿ ಆಮೇಲೆ ಆ ಕೆಲಸ ಕೊಡಿ.

ಈಗ ಗಾಯದ ವಿಷಯ. ಎಲ್ಲ ಗಾಯ ಒಂದೇ ಅಲ್ಲ, ಅಲ್ವಾ?

ಎಸಿಎಲ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ನಾರಿನ ಆಪರೇಷನ್ ಆಗಿದ್ದರೆ ಕ್ಯಾಲೆಂಡರ್ ಮುಖ್ಯ. 9 ತಿಂಗಳಿಗೆ ಮೊದಲೇ ಆಟಕ್ಕೆ ಇಳಿದವರಲ್ಲಿ ಮಂಡಿ ಮತ್ತೆ ಕೈಕೊಡುವ ಅಪಾಯ ಜಾಸ್ತಿ. ಹೊಸದಾಗಿ ಕೂರಿಸಿದ ನಾರು ಗಟ್ಟಿಯಾಗುವ ಕೆಲಸ ಒಂದು ವರ್ಷ ದಾಟಿಯೂ ನಡೆಯುತ್ತಿರುತ್ತದೆ, ಹೊರಗಿನಿಂದ ಮಂಡಿ ಎಷ್ಟು ಚೆನ್ನಾಗಿ ಕಂಡರೂ ಸರಿ. ತಿಂಗಳು ತುಂಬಿದರೆ ಸಾಕಾ? ಸಾಲದು. ತೊಡೆಯ ಮುಂದಿನ ಸ್ನಾಯುವಿನ ಶಕ್ತಿ ಒಳ್ಳೆಯ ಕಾಲಿಗೆ ಹೋಲಿಸಿದರೆ ಕನಿಷ್ಠ 90 ಶೇಕಡಾ ಇರಬೇಕು, ಒಂಟಿ ಕಾಲಿನ ಜಿಗಿತದಲ್ಲೂ ಅಷ್ಟೇ. ಇದನ್ನು ಫಿಸಿಯೋ ಅಳೆದು ಕೊಡುತ್ತಾರೆ. ಕೇಳಿ ಪಡೆಯಿರಿ.

ಹ್ಯಾಮ್‌ಸ್ಟ್ರಿಂಗ್ ಬೇರೆ ಥರ. ಬೇಗ ವಾಸಿಯಾದ ಹಾಗೆ ಕಾಣುತ್ತದೆ, ಮತ್ತೆ ಬರುತ್ತದೆ. ಒಮ್ಮೆ ಹರಿದವರಿಗೆ ಮತ್ತೆ ಹರಿಯುವ ಸಾಧ್ಯತೆ ಹೆಚ್ಚು, ವಯಸ್ಸು ಕೂಡ ಅದಕ್ಕೆ ಸೇರಿಕೊಳ್ಳುತ್ತದೆ, ಆಟಕ್ಕೆ ಮರಳಿದ ಮೊದಲ ಕೆಲವು ವಾರಗಳೇ ತುಂಬಾ ಅಪಾಯದ್ದು. ಹಾಕಿಯವರು ಬಗ್ಗಿಕೊಂಡೇ ಓಡುತ್ತಾರಲ್ಲ, ಸೊಂಟಕ್ಕೂ ತೊಡೆಯ ಹಿಂಭಾಗಕ್ಕೂ ಎಳೆತ ಬಿಡುವೇ ಇಲ್ಲ. ಜೊತೆಗೆ ನಮ್ಮೂರಿನವರಿಗೆ ಪ್ರಯಾಣ ಬೇರೆ. ಬೆಂಗಳೂರಿನ ಪಂದ್ಯಕ್ಕೆ 70 ಕಿಲೋಮೀಟರ್ ಬಸ್ಸಿನಲ್ಲಿ ಕಾಲು ಮಡಚಿ ಕೂತು, ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು, ಇಳಿದ ಅರ್ಧ ಗಂಟೆಗೆ ಓಡು ಅಂದರೆ 20ರ ಹುಡುಗ ತಡೆದುಕೊಳ್ಳುತ್ತಾನೆ, 34ರವನ ತೊಡೆ ತಡೆದುಕೊಳ್ಳುವುದಿಲ್ಲ. ಇಂಥವನನ್ನು ಉಳಿಸಿಕೊಂಡರೆ ಒಂದು ಗಂಟೆ ಮೊದಲೇ ಹೊರಡುವ ತಯಾರಿಯನ್ನೂ ಮಾಡಿಕೊಳ್ಳಬೇಕು.

ಸ್ಕ್ಯಾನ್ ವರದಿ ಒಂದನ್ನೇ ನಂಬಬೇಡಿ. ಮಲಗಿರುವ ಮಂಡಿಯ ಚಿತ್ರ ಅದು. ಹಾಗೆಯೇ "ದೇವರಾಯನದುರ್ಗ ಹತ್ತಿ ಯೋಗಾನರಸಿಂಹನ ದರ್ಶನ ಮಾಡಿ ಬಂದೆ, ಒಂಚೂರೂ ನೋವಿಲ್ಲ" ಅಂದರೆ ಸಂತೋಷಪಡಿ, ಆದರೆ ಅದೂ ಪರೀಕ್ಷೆಯಲ್ಲ. ಬೆಟ್ಟ ಹತ್ತುವಾಗ ಕಾಲು ಒಂದೇ ದಿಕ್ಕಿಗೆ ಹೋಗುತ್ತದೆ. ಹಾಕಿಯಲ್ಲಿ ಓಡುತ್ತಿದ್ದವನು ಗಕ್ಕನೆ ನಿಲ್ಲಬೇಕು, ತಿರುಗಬೇಕು, ಮತ್ತೆ ಓಡಬೇಕು. ಮಂಡಿ ಕೈಕೊಡುವುದು ಅಲ್ಲಿ.

ನಾನು ಮಾಡಿಸುವ ಪರೀಕ್ಷೆ ಇದು. ಡಾಕ್ಟರ್ ಮತ್ತು ಫಿಸಿಯೋ ಒಪ್ಪಿಗೆ ಕೊಟ್ಟ ಮೇಲಷ್ಟೇ ಮಾಡಿಸಿ. ಮೂರು ದಿನ ಬೇಕು. ಮೊದಲ ದಿನ ಬೇಸ್‌ಲೈನ್‌ನಿಂದ 23 ಮೀಟರ್ ಗೆರೆವರೆಗೆ ಓಡಿ, ನಿಂತು, ತಿರುಗಿ ವಾಪಸ್, ಸ್ಟಿಕ್ ಕೈಯಲ್ಲಿ ಹಿಡಿದೇ. ಮೊದಲ ಓಟದ ಸಮಯ, ಹತ್ತನೇ ಓಟದ ಸಮಯ ಎರಡನ್ನೂ ಬರೆದುಕೊಳ್ಳಿ. ಎರಡರ ನಡುವಿನ ಅಂತರ ನೋಡಿ, ವೇಗ ಆಮೇಲಿನ ಮಾತು. ಆಮೇಲೆ ನಿಜವಾದ ಅಭ್ಯಾಸ ಪಂದ್ಯದಲ್ಲಿ ಐದು ಐದು ನಿಮಿಷದ ನಾಲ್ಕು ಸರದಿ ಆಡಿಸಿ. ಡಿಫೆಂಡರ್‌ಗೆ "ಅಣ್ಣ ಅಂತ ಬಿಡಬೇಡ" ಎಂದು ಮೊದಲೇ ಹೇಳಿಡಿ. ಹುಡುಗರು ಗೌರವಕ್ಕೆ ದಾರಿ ಬಿಟ್ಟುಕೊಟ್ಟರೆ ಪರೀಕ್ಷೆಗೆ ಅರ್ಥವಿಲ್ಲ.

ಎರಡನೇ ದಿನ ಬೆಳಿಗ್ಗೆ ಅವನ ಮನೆಗೇ ಹೋಗಿ ಮಂಡಿ ನೋಡಿ. ನನ್ನ ಮಟ್ಟಿಗೆ ಅತಿ ಮುಖ್ಯ ಪರೀಕ್ಷೆ ಇದೇ. ಊದಿಕೊಂಡಿದೆಯಾ? ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾನಾ? ಮೈದಾನದಲ್ಲಿ ಆಟಗಾರ ನೋವು ಮುಚ್ಚಿಡುತ್ತಾನೆ, ಮನೆಯಲ್ಲಿ ಬೆಳಿಗ್ಗೆ ಏಳು ಗಂಟೆಗೆ ಮುಚ್ಚಿಡಲು ಆಗುವುದಿಲ್ಲ. ಮೂರನೇ ದಿನ ಮತ್ತೆ ಅಷ್ಟೇ ಆಡಿಸಿ. ಟೂರ್ನಿಯಲ್ಲಿ ಒಂದು ದಿನ ಬಿಟ್ಟು ಒಂದು ದಿನ ಪಂದ್ಯ ಇರುತ್ತದೆ, ಕೆಲವೊಮ್ಮೆ ಆ ಬಿಡುವೂ ಇರುವುದಿಲ್ಲ. ಸಾಧ್ಯವಾದರೆ ಒಂದು ಸಲವಾದರೂ ಟರ್ಫ್ (ಕೃತಕ ಹುಲ್ಲಿನ ಮೈದಾನ) ಮೇಲೆ ನೋಡಿ. ನಾವು ಮಣ್ಣಿನ ಮೇಲೆ ಅಭ್ಯಾಸ ಮಾಡಿ ಬೆಂಗಳೂರಿನ ಶಾಂತಿನಗರದ ಕಾರಿಯಪ್ಪ ಸ್ಟೇಡಿಯಂಗೆ ಹೋಗಿ ಆಡುತ್ತೇವೆ. ಮಣ್ಣಿನಲ್ಲಿ ಪಾದ ಸ್ವಲ್ಪ ಜಾರುತ್ತದೆ. ಟರ್ಫ್‌ನಲ್ಲಿ ಶೂ ಕಚ್ಚಿ ನಿಲ್ಲುತ್ತದೆ, ಆ ತಿರುಚು ಸೀದಾ ಮಂಡಿಗೆ ಹೋಗುತ್ತದೆ.

ಯಾರಾದರೂ ಎಸ್.ವಿ. ಸುನಿಲ್ ಉದಾಹರಣೆ ಕೊಡುತ್ತಾರೆ. ಕೊಡಲಿ, ನಮ್ಮ ಕೊಡಗಿನ ಆಟಗಾರ, ಹೆಮ್ಮೆಯ ಮಾತು. 2018ರಲ್ಲಿ ಮಂಡಿ ಗಾಯದಿಂದ ಭುವನೇಶ್ವರದ ವಿಶ್ವಕಪ್ ತಪ್ಪಿಸಿಕೊಂಡರು, ಮರುವರ್ಷ ಮತ್ತೆ ದೇಶದ ತಂಡಕ್ಕೆ ಬಂದರು, 2021ರಲ್ಲಿ ನಿವೃತ್ತರಾಗುವಾಗ 264 ಅಂತಾರಾಷ್ಟ್ರೀಯ ಪಂದ್ಯ ಆಡಿದ್ದರು. ಹಿರಿಯ ಫಾರ್ವರ್ಡ್ ಗಾಯದಿಂದ ಮರಳಬಹುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಆದರೆ ರಾಷ್ಟ್ರೀಯ ಶಿಬಿರದಲ್ಲಿ ಫಿಸಿಯೋ, ಜಿಮ್, ಊಟ, ನಿದ್ದೆ ಎಲ್ಲದಕ್ಕೂ ವ್ಯವಸ್ಥೆ ಇರುತ್ತದೆ. ನಿಮ್ಮ ಹುಡುಗ ದಿನಕ್ಕೆ ಎಂಟು ಗಂಟೆ ಅಂಗಡಿ ಕೌಂಟರ್ ಹಿಂದೆ ನಿಂತು ಕೆಲಸ ಮಾಡುತ್ತಾನಾ? ಹಾಗಾದರೆ ವಾರಕ್ಕೆ ಎಷ್ಟು ದಿನ ಕಾಲಿನ ವ್ಯಾಯಾಮ ಮಾಡಲು ಅವನಿಗೆ ಆಗುತ್ತದೆ ಅಂತ ಕೇಳಿ. ಆ ಉತ್ತರಕ್ಕೆ ಸ್ಕ್ಯಾನ್‌ಗಿಂತ ಜಾಸ್ತಿ ಬೆಲೆ ಇದೆ.

ಪರೀಕ್ಷೆ ಪಾಸಾದ, ಉಳಿಸಿಕೊಳ್ಳುವುದು ಅಂತ ಆಯಿತು. ಈಗ ದುಡ್ಡಿನ ಮಾತು. ಇದಕ್ಕೆ ಅಮೆರಿಕ, ಕೆನಡಾದ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಿಂದ ಒಂದು ಒಳ್ಳೆಯ ದಾರಿ ಕಲಿತೆ. ಅಲ್ಲಿ 35 ದಾಟಿದವರಿಗೆ ಒಂದೇ ವರ್ಷದ ಒಪ್ಪಂದ ಮಾಡಿ, ಮೂಲ ಸಂಬಳ ಕಡಿಮೆ ಇಟ್ಟು, ಆಡಿದ ಪಂದ್ಯಗಳ ಲೆಕ್ಕದಲ್ಲಿ ಬೋನಸ್ ಕೊಡಲು ಅವಕಾಶ ಇದೆ. 400 ಪಂದ್ಯ ಆಡಿದ್ದು, ಹಿಂದಿನ ಒಪ್ಪಂದದ ಕೊನೆಯ ವರ್ಷದಲ್ಲಿ 100 ದಿನ ಗಾಯಾಳು ಪಟ್ಟಿಯಲ್ಲಿದ್ದವರಿಗೂ ಈ ದಾರಿ ತೆರೆದಿದೆ. ತಂಡದ ಅಪಾಯವೂ ಕಡಿಮೆ, ಆಟಗಾರನ ಮರ್ಯಾದೆಯೂ ಉಳಿಯುತ್ತದೆ.

ನಮ್ಮ ಅಳತೆಗೆ ಇದನ್ನು ಇಳಿಸಿ ನೋಡಿ. ಸೀಸನ್‌ಗೆ 12 ಪಂದ್ಯ, ಅವನಿಗೆ ಮೊದಲು ಕೊಡುತ್ತಿದ್ದದ್ದು 60 ಸಾವಿರ ಅಂದುಕೊಳ್ಳಿ. 20 ಸಾವಿರ ಖಚಿತ, ಆಡಿದರೂ ಆಡದಿದ್ದರೂ. ಮೈದಾನಕ್ಕೆ ಇಳಿದ ಪ್ರತಿ ಪಂದ್ಯಕ್ಕೆ 2,500. ಸೀಸನ್ ಪೂರ್ತಿ ಮುಗಿಸಿದರೆ ಇನ್ನೂ 10 ಸಾವಿರ. ಎಲ್ಲ ಆಡಿದರೆ ಅದೇ 60 ಸಾವಿರ ಸಿಗುತ್ತದೆ. ಐದೇ ಪಂದ್ಯಕ್ಕೆ ನಿಂತರೆ 32,500. ಗೋಲಿನ ಲೆಕ್ಕಕ್ಕೆ ಬೋನಸ್ ಇಡಲೇಬೇಡಿ. ಪಾಸ್ ಕೊಡಬೇಕಾದ ಕಡೆ ಹೊಡೆಯಲು ಹೋಗುತ್ತಾನೆ. ಪಂದ್ಯದ ಬೋನಸ್‌ನಲ್ಲೂ ಒಂದು ಅಪಾಯ ಇದೆ, ದುಡ್ಡಿಗಾಗಿ ನೋವು ನುಂಗಿ ಆಡಬಹುದು. ಅದಕ್ಕೇ ಆಡಿಸುವುದು ಬಿಡುವುದು ಫಿಸಿಯೋ ಮಾತು ಎಂದು ಕಾಗದದಲ್ಲೇ ಬರೆಯಿರಿ. ಗಾಯ ಮತ್ತೆ ಆದರೆ ಚಿಕಿತ್ಸೆಯ ಖರ್ಚು ಯಾರದ್ದು ಅನ್ನುವುದನ್ನೂ ಬರೆಯಿರಿ. ತಂಡಕ್ಕೆ ಆಡುವಾಗ ಆದ ಗಾಯದ ಖರ್ಚನ್ನು ತಂಡವೇ ಹೊರಬೇಕು ಅನ್ನುವುದು ನನ್ನ ಅಭಿಪ್ರಾಯ. ಅಷ್ಟು ಶಕ್ತಿ ಇಲ್ಲದಿದ್ದರೆ ಅಪಘಾತ ವಿಮೆಯನ್ನಾದರೂ ಮಾಡಿಸಿ, ಮಾಡಿಸುವಾಗ ಆಟದ ಗಾಯ ಅದರಲ್ಲಿ ಸೇರಿದೆಯಾ ಎಂದು ಓದಿ ನೋಡಿ.

ಅವನು ತೆಗೆದುಕೊಳ್ಳುವ ಜಾಗಕ್ಕೂ ಬೆಲೆ ಇದೆ. ಅವನ ಹಿಂದೆ ನಿಲ್ಲುವ ಹುಡುಗನ ಹೆಸರು ನಿಮಗೆ ಗೊತ್ತಿರಬೇಕು. ಅವನನ್ನೂ ಕೂರಿಸಿಕೊಂಡು, ನಿನಗೆ ಇಷ್ಟು ನಿಮಿಷ ಸಿಗುತ್ತದೆ ಅಂತ ಲೆಕ್ಕ ಹೇಳಿ. ಇಬ್ಬರೂ ಒಂದೇ ಜಾಗದಲ್ಲಿ ಸರದಿ ಮೇಲೆ ಆಡಿದರೆ ಹಿರಿಯ ಬೆಂಚ್ ಮೇಲಿದ್ದಾಗ ಹುಡುಗನ ಓಡಾಟ ನೋಡಿ ತಿದ್ದುತ್ತಾನೆ. ನಮ್ಮಲ್ಲಿ ಇದು ನಿಜವಾಗಿ ಫಲ ಕೊಟ್ಟಿತು.

ಉಳಿಸಿಕೊಳ್ಳುವುದು ಬೇಡ ಅಂತಾದರೆ? ಬೇಗ ಹೇಳಿ. ಬೇರೆ ತಂಡ ಹುಡುಕಿಕೊಳ್ಳಲು ಅವನಿಗೆ ಸಮಯ ಬೇಕು. ವಾಟ್ಸಾಪ್‌ನಲ್ಲಿ ಪಟ್ಟಿ ಹಾಕಿ, ಅದರಲ್ಲಿ ಹೆಸರಿಲ್ಲ ಅಂತ ಅವನಿಗೇ ಗೊತ್ತಾಗಲಿ ಅಂತ ಬಿಡಬೇಡಿ. ದಯವಿಟ್ಟು ಬೇಡ. ಎದುರು ಕೂತು, ಓಟದ ಸಮಯ ಬರೆದ ಹಾಳೆ ಮುಂದಿಟ್ಟು ಹೇಳಿ. ಸುಮ್ನೆ ಸಮಾಧಾನಕ್ಕೆ "ಮುಂದಿನ ವರ್ಷ ನೋಡೋಣ" ಅನ್ನಬೇಡಿ, ಅವನು ಆ ಮಾತನ್ನು ನಂಬಿ ಇನ್ನೊಂದು ವರ್ಷ ಕಾಯುತ್ತಾನೆ. ಕೋಚಿಂಗ್ ಕೆಲಸ ನಿಜವಾಗಿ ಇದ್ದರೆ ಮಾತ್ರ ಅದರ ಮಾತು ತೆಗೆಯಿರಿ. ತಂಡಕ್ಕಾಗಿ ಅವನು ಕೊಟ್ಟ ವರ್ಷಗಳಿಗೆ ಸನ್ಮಾನ ಮಾಡಬೇಕು ಅನಿಸಿದರೆ, ಒಂದು ಭಾನುವಾರ ಅವನ ಹೆಸರಲ್ಲಿ ಪಂದ್ಯ ಇಟ್ಟು ಬಂದ ಹಣವನ್ನು ಅವನ ಕೈಗೆ ಕೊಡಿ. ನಾನು ಮೂರನೆಯವನಿಗೆ ಹಾಗೆ ಮಾಡಿದೆ. ಆ ದಿನ ಅವನು ಹತ್ತು ನಿಮಿಷ ಆಡಿದ, ಡಿ ಅಂಚಿನಲ್ಲಿ ನಿಂತು ಒಂದು ಪಾಸ್ ಕೊಟ್ಟ, ಗೋಲು ಹೊಡೆದವನು ಅವನ ಜಾಗಕ್ಕೆ ಬಂದ ಹುಡುಗ.