ಬಸುರಿನ ಊಟ ತಾಯಿಯ ಮೈಗೂ ಲೆಕ್ಕ: ಏನು, ಎಷ್ಟು, ಹೇಗೆ?

"ಮಗು ಬೆಳೀಬೇಕು, ತಿನ್ನು" ಅಂತ ಬಸುರಿಯ ತಟ್ಟೆ ತುಂಬಿಸುವವರು ಮನೆ ತುಂಬ ಇರುತ್ತಾರೆ. ಹೆರಿಗೆಯಾದ ಕೂಡಲೇ ಎಲ್ಲರ ಕಣ್ಣೂ ತೊಟ್ಟಿಲ ಕಡೆ. ಆ ಒಂಬತ್ತು ತಿಂಗಳು ಉಂಡದ್ದು, ಉಣ್ಣದೆ ಬಿಟ್ಟದ್ದು ತಾಯಿಯ ಮೈಯಲ್ಲಿ ಮುಂದೆ ಏನಾಗಿ ಕಾಣಿಸಿಕೊಳ್ಳುತ್ತದೆ ಅಂತ ಕೇಳುವವರು ಕಡಿಮೆ.

ಮೈಸೂರಿನವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ ಇದನ್ನು ಕೇಳಿದರು. 1997-98ರಲ್ಲಿ ಅಲ್ಲಿಗೆ ಬಂದಿದ್ದ ಬಸುರಿಯರನ್ನು ಐದು ವರ್ಷದ ಮೇಲೆ ಮತ್ತೆ ಪರೀಕ್ಷಿಸಿದಾಗ, ಬಸುರಿನಲ್ಲಿ ಸಕ್ಕರೆ ಏರಿದ್ದವರಲ್ಲಿ ನೂರಕ್ಕೆ 37 ಮಂದಿಗೆ ಮಧುಮೇಹ ಬಂದಿತ್ತು. ಏರದವರಲ್ಲಿ ನೂರಕ್ಕೆ 2 ಮಾತ್ರ. ಊಟವೊಂದೇ ಇದಕ್ಕೆ ಕಾರಣವಲ್ಲ. ವಂಶ, ವಯಸ್ಸು, ಮೊದಲಿನ ತೂಕ ಎಲ್ಲ ಸೇರುತ್ತವೆ. ಆದರೆ ಅವುಗಳಲ್ಲಿ ದಿನಾ ನಮ್ಮ ಕೈಯಲ್ಲಿರುವುದು ಊಟ.

ಮೊದಲು, ಇಬ್ಬರ ಊಟದ ಲೆಕ್ಕ ಸರಿಮಾಡಿಕೊಳ್ಳಿ

ಬಸುರಿಗೆ ದಿನಕ್ಕೆ ಹೆಚ್ಚುವರಿಯಾಗಿ ಬೇಕಿರುವುದು ಸುಮಾರು 350 ಕ್ಯಾಲರಿ. ಅಂದರೆ ಒಂದು ಲೋಟ ಹಾಲು, ಒಂದು ಚಪಾತಿ, ಒಂದು ಹಿಡಿ ಕಡಲೆಕಾಯಿ. ಅಷ್ಟೇ! ಎರಡನೇ ಸಲ ಬಡಿಸಿದ ಅನ್ನ, ಸಂಜೆಯ ಬೇಕರಿ ತಿಂಡಿ ತಾಯಿಯ ಸೊಂಟದ ಸುತ್ತ ಉಳಿಯುತ್ತದೆ, ಹೆರಿಗೆಯಾದ ಮೇಲೂ ಸುಲಭವಾಗಿ ಇಳಿಯುವುದಿಲ್ಲ. ಮೊದಲೇ ತೆಳ್ಳಗಿರುವವರಿಗೆ ಹೆಚ್ಚು ಬೇಕು, ತೂಕ ಹೆಚ್ಚಿರುವವರಿಗೆ ಕಡಿಮೆ ಸಾಕು. ನಿಮ್ಮ ತೂಕ ಎಷ್ಟು ಏರಬೇಕೆಂದು ಮೊದಲ ಭೇಟಿಯಲ್ಲೇ ಡಾಕ್ಟರನ್ನು ಕೇಳಿ.

ತಟ್ಟೆಯನ್ನು ತಿರುಗಿಸಿ ಇಡಿ

ನಮ್ಮ ತಟ್ಟೆಯಲ್ಲಿ ಅನ್ನ ಗುಡ್ಡದಷ್ಟು, ಪಲ್ಯ ಉಪ್ಪಿನಕಾಯಿಯಷ್ಟು. ಇದು ತಲೆಕೆಳಗಾಗಬೇಕು. ಅರ್ಧ ತಟ್ಟೆ ಸೊಪ್ಪು-ತರಕಾರಿ, ಕಾಲು ಭಾಗ ಕಾಳು, ಬೇಳೆ, ಮೊಟ್ಟೆ ಅಥವಾ ಮೀನು, ಉಳಿದ ಕಾಲು ಭಾಗ ಅನ್ನ ಇಲ್ಲವೇ ಮುದ್ದೆ. ನುಗ್ಗೆಸೊಪ್ಪು ಹಾಕಿದ ಹುರುಳಿ ಬಸ್ಸಾರು, ಸಣ್ಣ ಮುದ್ದೆ, ಒಂದು ಬಟ್ಟಲು ಮೊಸರು ಇದ್ದರೆ ಇದಕ್ಕಿಂತ ಒಳ್ಳೆಯ ಮಧ್ಯಾಹ್ನದೂಟ ನನಗೆ ಗೊತ್ತಿಲ್ಲ.

ಮೊಸರನ್ನು ಸುಮ್ಮನೆ ಹೇಳಲಿಲ್ಲ. ಅದೇ ಮೈಸೂರಿನ ಬಸುರಿಯರಲ್ಲಿ ನೂರಕ್ಕೆ 43 ಮಂದಿಗೆ ಬಿ12 ವಿಟಮಿನ್ ಕೊರತೆಯಿತ್ತು. ಅವರಲ್ಲಿ ಮೈಕೊಬ್ಬೂ ಬಸುರಿನ ಸಕ್ಕರೆಯೂ ಹೆಚ್ಚು ಕಂಡವು. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ ಬಿಟ್ಟರೆ ನಮ್ಮ ಊಟದಲ್ಲಿ ಬಿ12 ಸಿಗುವ ದಾರಿ ಇಲ್ಲವೆನ್ನಬೇಕು. ಹಾಲನ್ನೂ ಮುಟ್ಟದವರು ಮಾತ್ರೆಯ ಬಗ್ಗೆ ಕೇಳಲೇಬೇಕು.

ಕಬ್ಬಿಣದ ಮಾತ್ರೆ ಯಾವಾಗ?

ದೇಶದಲ್ಲಿ ಬಸುರಿಯರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದು ಹೆರಿಗೆಗೆ ಹೋದವಳು ಅಲ್ಲಿ ಇನ್ನಷ್ಟು ರಕ್ತ ಕಳೆದುಕೊಳ್ಳುತ್ತಾಳೆ. ವರ್ಷವಾದರೂ ಮೆಟ್ಟಿಲು ಹತ್ತಿದರೆ ಏದುಸಿರು. ಬೇಗ ಇನ್ನೊಂದು ಬಸುರು ನಿಂತರೆ ಆ ಕೊರತೆಯೊಂದಿಗೇ ಶುರು.

ಮಾತ್ರೆ ಮನೆಯಲ್ಲಿ ಇರುತ್ತದೆ, ಫ್ರಿಜ್ಜಿನ ಮೇಲೆ, ನಾಲ್ಕು ಮಾತ್ರ ಖಾಲಿಯಾದ ಸ್ಟ್ರಿಪ್. ಹೊಟ್ಟೆ ತೊಳೆಸಿತು, ಮಲ ಕಪ್ಪಾಯಿತು ಎಂದು ಹೆದರಿ ಬಿಟ್ಟಿರುತ್ತಾರೆ. ಕಪ್ಪಾಗುವುದು ಸಹಜ. ತೊಳೆಸಿದರೆ ರಾತ್ರಿ ಮಲಗುವ ಮುಂಚೆ ತೆಗೆದುಕೊಳ್ಳಿ. ನಿಂಬೆ ಪಾನಕ, ನೆಲ್ಲಿಕಾಯಿ ಜೊತೆಗಿದ್ದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಕಾಫಿ-ಟೀ ಒಂದು ಗಂಟೆ ದೂರವಿರಲಿ. ಕ್ಯಾಲ್ಸಿಯಂ ಮಾತ್ರೆಯನ್ನು ಇದರ ಜೊತೆ ನುಂಗಬೇಡಿ, ಎರಡು ಗಂಟೆಯ ಅಂತರ ಬೇಕು; ಅದನ್ನು ಊಟದ ಜೊತೆ ತೆಗೆದುಕೊಳ್ಳಿ. ಬಹಳ ಮಂದಿಗೆ ಗೊತ್ತಿಲ್ಲದ ಸಂಗತಿ: ಹೆರಿಗೆಯಾದ ಮೇಲೂ ಎರಡೂ ಮಾತ್ರೆ ಆರು ತಿಂಗಳು ಮುಂದುವರಿಯಬೇಕು.

ಮೂಳೆಯ ಭಯ

"ಮಗು ಮೂಳೆಯನ್ನೆಲ್ಲ ತಿಂದುಬಿಡ್ತು" ಎನ್ನುವುದು ಅರ್ಧ ನಿಜ. ಹಾಲೂಡಿಸುವಾಗ ತಾಯಿಯ ಮೂಳೆಯಿಂದ ಕ್ಯಾಲ್ಸಿಯಂ ಹೋಗುತ್ತದೆ, ಹಾಲು ಬಿಡಿಸಿದ ಮೇಲೆ ಸಾಮಾನ್ಯವಾಗಿ ಮರಳಿ ತುಂಬಿಕೊಳ್ಳುತ್ತದೆ. ಅದಕ್ಕೆ ರಾಗಿ, ಹಾಲು, ಬಿಸಿಲು ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ.

ಬಾಣಂತನದಲ್ಲಿ ಬದಲಿಸಬೇಕಾದ್ದು

ಅಜ್ಜಿಯರ ಆರೈಕೆ ಎಷ್ಟು ದೊಡ್ಡದು ಅಂತ ಅದನ್ನು ಪಡೆದವರಿಗೇ ಗೊತ್ತು. ಎಣ್ಣೆ ನೀರು, ಬೆಚ್ಚನೆಯ ಕೋಣೆ, ಮೆಣಸಿನ ಸಾರು ಎಲ್ಲ ಇರಲಿ. ಆದರೆ ನೀರು ಕೊಡದಿರುವುದು, ಸೊಪ್ಪು-ಹಣ್ಣು "ನಂಜು" ಎಂದು ನಿಲ್ಲಿಸುವುದು ಬೇಡ. ಹಾಲೂಡಿಸುವವಳಿಗೆ ಬಾಯಾರಿದಾಗೆಲ್ಲ ನೀರು ಸಿಗಬೇಕು. ಬಸುರಿನಲ್ಲಿ ಸಕ್ಕರೆ ಏರಿದ್ದವರಿಗೆ ಬೆಲ್ಲ-ತುಪ್ಪದ ಅಂಟಿನುಂಡೆ ದಿನಕ್ಕೆ ಮೂರು-ನಾಲ್ಕು ಖಂಡಿತ ಬೇಡ.

ಕೊನೆಗೆ, ಆರನೇ ವಾರದ ಪರೀಕ್ಷೆ

ಬಸುರಿನಲ್ಲಿ ಏರಿದ್ದ ಸಕ್ಕರೆ ಹೆರಿಗೆಯಾದೊಡನೆ ಸಾಮಾನ್ಯವಾಗಿ ಇಳಿಯುತ್ತದೆ, ಎಲ್ಲರೂ ಮರೆಯುತ್ತಾರೆ. ತಾಯಿ ಕಾರ್ಡು ಬೀರುವಿನ ಮೂಲೆ ಸೇರುತ್ತದೆ. ಆರನೇ ವಾರ ಮಗುವಿಗೆ ಲಸಿಕೆ ಹಾಕಿಸುವ ದಿನವೇ ಆ ಕಾರ್ಡು ಹಿಡಿದು, ಖಾಲಿ ಹೊಟ್ಟೆಯಲ್ಲಿ ಹೊರಡಿ. ಮೊದಲು ಒಮ್ಮೆ ರಕ್ತ ಕೊಟ್ಟು, 75 ಗ್ರಾಂ ಗ್ಲೂಕೋಸ್ ಕುಡಿದು, ಎರಡು ಗಂಟೆಯ ನಂತರ ಮತ್ತೊಮ್ಮೆ ಕೊಡುತ್ತೀರಿ. ಎರಡನೆಯದು 140ಕ್ಕಿಂತ ಕಡಿಮೆ ಬಂದರೆ ಸರಿ, 200 ಮುಟ್ಟಿದರೆ ಮಧುಮೇಹ. ನಡುವೆ ಇದ್ದರೆ ಊಟ, ನಡಿಗೆ, ತೂಕದಿಂದ ತಡೆಯಲು ಇನ್ನೂ ಸಮಯವಿದೆ. ಸರಿಯಾಗಿ ಬಂದರೂ ವರ್ಷಕ್ಕೊಮ್ಮೆ ಮಾಡಿಸಿ. ಆ ಎರಡು ಗಂಟೆ ಮಗುವನ್ನು ಎತ್ತಿಕೊಳ್ಳಲು ಮನೆಯವರೊಬ್ಬರು ಜೊತೆಗೆ ಬರಲಿ.