ಕಡಲ ಬದಿಯ ಹಿತ್ತಲಿಗೆ ಬರ್ಡ್‌ವಿಂಗ್ ಬಂತು

"ಬರ್ಡ್‌ವಿಂಗ್ ನೋಡ್ಬೇಕಾದ್ರೆ ಬೆಳುವಾಯಿ ಕಡೆ ಹೋಗಿ ಮಾರಾಯ್ರೆ, ಈ ಉಪ್ಪುಗಾಳಿಗೆ ಅದು ಬರ್ಲಿಕ್ಕಿಲ್ಲ." ಹೀಗೆಂದವರು ಚಿಟ್ಟೆಗಳ ಹಿಂದೆ ವರ್ಷಗಟ್ಟಲೆ ಅಲೆದ ನನ್ನ ಗೆಳೆಯರು. ಬರ್ಡ್‌ವಿಂಗ್ ಎಂದರೆ ಹಕ್ಕಿಯಂತೆ ಕಾಣುವ ದೊಡ್ಡ ಚಿಟ್ಟೆ; ಬೆಳುವಾಯಿ ಎಂದರೆ ಮೂಡುಬಿದಿರೆ ಬಳಿಯ, ಚಿಟ್ಟೆ ಪಾರ್ಕ್ ಇರುವ ಊರು. ಸಮುದ್ರ ನಮ್ಮ ಮನೆಯಿಂದ ಅರ್ಧ ಕಿಲೋಮೀಟರೂ ಇಲ್ಲ. ಈ ಸಲ ಮಳೆ ಕಳೆಯುವ ಹೊತ್ತಿಗೆ ಅದೇ ಹಿತ್ತಲಲ್ಲಿ ಒಂಬತ್ತು ಕೋಶ ಒಡೆದು ಕರ್ನಾಟಕದ ರಾಜ್ಯ ಚಿಟ್ಟೆಯಾದ ಈ ಬರ್ಡ್‌ವಿಂಗ್ ಹಾರಿತು.

ಇದಕ್ಕೆ ಐದು ವರ್ಷ ಹಿಡಿಯಿತು. ಬರ್ಡ್‌ವಿಂಗ್ ಮೊಟ್ಟೆಯಿಡುವುದು, ಅದರ ಮರಿಹುಳು ತಿನ್ನುವುದು ಈಶ್ವರಿ ಬಳ್ಳಿಯ ಎಲೆಯನ್ನು. ಮೊದಲ ವರ್ಷ ನರ್ಸರಿಯೊಂದರಲ್ಲಿ ಈಶ್ವರಿ ಬಳ್ಳಿ ಎಂದು ಕೊಟ್ಟದ್ದನ್ನು ತಲಾ 250 ರೂಪಾಯಿಯಂತೆ ನಾಲ್ಕು ತಂದೆ. ಅದೇ ಬಳ್ಳಿ ಹುಡುಕುವ ಕ್ರಿಮ್ಸನ್ ರೋಸ್ ಎಂಬ ಇನ್ನೊಂದು ಚಿಟ್ಟೆ ಮೊಟ್ಟೆಯಿಟ್ಟಿತು, ಮರಿಹುಳು ಹೊರಬಂತು, ಮೂರ್ನಾಲ್ಕು ದಿನಕ್ಕೆ ಎಲ್ಲವೂ ಎಲೆಯ ಮೇಲೇ ಕಪ್ಪಾಗಿ ಸತ್ತವು. ನರ್ಸರಿಯವರು ಕೊಟ್ಟದ್ದು ಈಶ್ವರಿಯಲ್ಲ, ಅದೇ ಜಾತಿಯ ದಕ್ಷಿಣ ಅಮೆರಿಕದ ಅಲಂಕಾರದ ಬಳ್ಳಿ. ಆಸ್ಟ್ರೇಲಿಯಾದ ರಿಚ್ಮಂಡ್ ಬರ್ಡ್‌ವಿಂಗ್‌ ಚಿಟ್ಟೆಯ ಮರಿಹುಳುಗಳಿಗೂ ಈ ಬಳ್ಳಿ ವಿಷ. ಅಗಲವಾದ ಹೃದಯದಾಕಾರದ ಎಲೆ, ಕಂದು ಚುಕ್ಕೆಯ ದೊಡ್ಡ ಹೂ ಕಂಡರೆ ಕೊಳ್ಳಬೇಡಿ. ನಮ್ಮ ಈಶ್ವರಿಯ ಎಲೆ ಉದ್ದುದ್ದ, ಹೂ ಬೆರಳ ತುದಿಯಷ್ಟೆ. ದುಡ್ಡು ಹೋದದ್ದಕ್ಕಿಂತ ಆ ಹುಳುಗಳನ್ನು ನಾನೇ ಕರೆಸಿ ಕೊಂದ ಹಾಗಾಯಿತಲ್ಲ ಎಂಬ ಸಂಕಟ ಬಹಳ ದಿನ ಉಳಿಯಿತು.

ಸರಿಯಾದ ಬಳ್ಳಿ ಸಿಕ್ಕಿದ ಮೇಲೂ ಸೋತೆ. ಮೂರೇ ಬಳ್ಳಿ ಇದ್ದವು. ಬರ್ಡ್‌ವಿಂಗ್ ಹುಳುವಿಗೆ ವಿಪರೀತ ಹಸಿವು, ಎಲೆ ಮುಗಿಸಿ ಕಾಂಡವನ್ನೇ ಸುತ್ತ ಕೊರೆದು ಬೀಳಿಸಿತು. ಕಾಪಾಡಲೆಂದು ನಾಲ್ಕು ಸಾವಿರದಷ್ಟು ಸುರಿದು ಬಲೆಯ ಗೂಡು ಕಟ್ಟಿಸಿದೆ. ಒಳಗೆ ಇರುವೆ ನುಗ್ಗಿ ಅದೂ ದಂಡವಾಯಿತು.

ಕೊನೆಗೆ ಗೂಡು ಕಿತ್ತು ಹಾಕಿ ಬಳ್ಳಿ ಹೆಚ್ಚಿಸಿದೆ. ಈಗ ಹದಿನಾಲ್ಕೋ ಹದಿನೈದೋ ಇವೆ. ಎಲ್ಲವೂ ಮನೆಯ ಪೂರ್ವಕ್ಕೆ, ಕಡಲಗಾಳಿಗೆ ಗೋಡೆ ಅಡ್ಡ ಇರುವ ಕಡೆ, ಸೊಪ್ಪಿನ ಗೊಬ್ಬರಕ್ಕೆಂದು ಬೆಳೆಸಿದ ಗಿಡಗಳಿಗೆ ಹಬ್ಬಿವೆ. ಅರ್ಧದಷ್ಟಕ್ಕೆ ಹಳೆ ಸೊಳ್ಳೆಪರದೆ ಹೊದಿಸಿಡುತ್ತೇನೆ. ಉಳಿದವು ಬೋಳಾಗುತ್ತ ಬಂದಾಗ ಪರದೆ ತೆಗೆದು ಹುಳುಗಳನ್ನು ಅಲ್ಲಿಗೆ ದಾಟಿಸುತ್ತೇನೆ. ಮಕರಂದಕ್ಕೆ ಕೇಪಳ, ರಥಪುಷ್ಪ. ಬಳ್ಳಿಯ ತುಂಡಿಗೆ ಬೇಗ ಬೇರು ಬರಿಸುವ ದಾರಿಯೊಂದು ನನ್ನಲ್ಲಿದೆ, ಇಲ್ಲಿ ಬರೆಯುವುದಿಲ್ಲ. ಔಷಧಿಗೆಂದು ಕಾಡಿನ ಬಳ್ಳಿಯನ್ನು ಅಗೆಯುವವರೇ ಸಾಕಷ್ಟಿದ್ದಾರೆ. ಬೇಕಾದವರಿಗೆ ಸಸಿಯನ್ನೇ ಕೊಡುತ್ತೇನೆ.

ನಡುವೆ ಇನ್ನೊಂದು ಪ್ರಯೋಗವೂ ನಡೆಯಿತು. ಕಡಲಂಚಿನ ನಮ್ಮ ತುಂಡು ಜಾಗದಲ್ಲಿ, ಮರಳಿನ ಮೇಲೆ ಹಬ್ಬುವ ಬಂಗಡೆ ಬಳ್ಳಿಯನ್ನು ಸವರುವುದನ್ನು ನಿಲ್ಲಿಸಿದೆ. ಎರಡೇ ಮಳೆಗಾಲಕ್ಕೆ ಮರಳು ಬಳ್ಳಿಯ ಬುಡದಲ್ಲಿ ನಿಂತು ಮೊಣಕಾಲೆತ್ತರ ದಿಬ್ಬವಾಯಿತು. ಸಂಜೆ ಟಾರ್ಚ್ ಹಿಡಿದರೆ ಮರಳಿನ ಬಣ್ಣದ ಏಡಿಗಳು ಬಿಲದ ಬಾಯಲ್ಲಿ ಕಣ್ಣು ನಿಮಿರಿಸಿ ನಿಂತಿರುತ್ತವೆ. ಖರ್ಚು ಸೊನ್ನೆ.

ಹೆಣ್ಣು ಬರ್ಡ್‌ವಿಂಗ್ ಮೊದಲ ಸಲ ಬಂದದ್ದು ಒಂದು ಬೆಳಿಗ್ಗೆ ಒಂಬತ್ತರ ಸುಮಾರಿಗೆ. ಗೇಣಗಲದ ರೆಕ್ಕೆ ಬಡಿಯುತ್ತಲೇ ಎಲೆಯಿಂದ ಎಲೆಗೆ ಮುಂಗಾಲು ತಾಗಿಸಿ ರುಚಿ ನೋಡಿತು, ಆಮೇಲೆ ಹೊಟ್ಟೆ ಬಾಗಿಸಿ ಎಲೆಯ ಅಡಿಭಾಗಕ್ಕೆ ಒಂದೇ ಒಂದು ಗುಂಡಗಿನ ಮೊಟ್ಟೆ ಅಂಟಿಸಿತು. ಕೋಶವಾದದ್ದನ್ನು ಮೆಲ್ಲ ಮುಟ್ಟಿದರೆ ಒಳಗಿಂದ ಬುಸ್ ಎನ್ನುತ್ತದೆ. ಅದನ್ನು ಕೇಳಿದ ದಿನ ಮನೆಯವರನ್ನೆಲ್ಲ ಕೂಗಿ ಕರೆದಿದ್ದೆ.

ಬೆಳುವಾಯಿಗೆ ಹೋಗಿ ಎಂದಿದ್ದ ಗೆಳೆಯರು ಮೊನ್ನೆ ಬಂದು ಎರಡು ಸಸಿ ಕೇಳಿದರು. ಎರಡು ಸಾಲದು ಎಂದು ಹತ್ತು ಕಟ್ಟಿ ಕೊಟ್ಟೆ.