ಇಂಗ್ಲಿಷ್ ಅಭ್ಯಾಸಗಳಲ್ಲಿ ಸರಿಯಾದ ಟೆನ್ಸ್ ಆರಿಸುವ ಬಗೆ

ಬಿಟ್ಟ ಸ್ಥಳ ತುಂಬುವ ಇಂಗ್ಲಿಷ್ ಅಭ್ಯಾಸಗಳಲ್ಲಿ ನಮ್ಮ ಮಂಡ್ಯ, ಮೈಸೂರು ಕಡೆಯ ಅನೇಕ ಮಕ್ಕಳು ಆವರಣದೊಳಗೆ ಕೊಟ್ಟಿರುವ ಕ್ರಿಯಾಪದವನ್ನು ಕಂಡ ಕೂಡಲೇ, ಕನ್ನಡದಲ್ಲಿ ಅದನ್ನು ಹೇಗೆ ಹೇಳುತ್ತೇವೆಂದು ಯೋಚಿಸಿ ಉತ್ತರ ಬರೆದುಬಿಡುತ್ತಾರೆ. ಮೊದಲು ಹುಡುಕಬೇಕಾದದ್ದು ವಾಕ್ಯದಲ್ಲಿ ಕಾಲ ಸೂಚಿಸುವ ಪದವನ್ನು. ಯೆಸ್ಟರ್‌ಡೇ, ಎವೆರಿ ಡೇ, ನೌ, ಸಿನ್ಸ್, ಬಿಫೋರ್ ಮುಂತಾದವು ಕಂಡರೆ ಅವುಗಳ ಕೆಳಗೆ ಪೆನ್ಸಿಲ್‌ನಿಂದ ಗೆರೆ ಎಳೆದುಕೊಂಡು, ಆಮೇಲೆ ಕ್ರಿಯಾಪದದ ಕಡೆಗೆ ಬರಬೇಕು.

ಹೆಚ್ಚಿನ ಗೊಂದಲ ಇರುವುದು ಸಿಂಪಲ್ ಪಾಸ್ಟ್ (‘ಐ ಪೇಯ್ಡ್’ ಎಂಬಂಥ ರೂಪ) ಮತ್ತು ಪ್ರೆಸೆಂಟ್ ಪರ್ಫೆಕ್ಟ್ (‘ಐ ಹ್ಯಾವ್ ಪೇಯ್ಡ್’ ಎಂಬಂಥ ರೂಪ) ನಡುವೆ. ‘ಫೀಸನ್ನು ನಿನ್ನೆಯೇ ಕಟ್ಟಿದ್ದೇನೆ’ ಎಂಬುದು ಕನ್ನಡದಲ್ಲಿ ಸಹಜವಾದ ಮಾತು; ಆದರೆ ‘ಐ ಹ್ಯಾವ್ ಪೇಯ್ಡ್ ದ ಫೀಸ್ ಯೆಸ್ಟರ್‌ಡೇ’ ಎಂದು ಬರೆದರೆ ಅಂಕ ಹೋಗುತ್ತದೆ, ಏಕೆಂದರೆ ಮುಗಿದುಹೋದ ಸಮಯವನ್ನು ಹೆಸರಿಟ್ಟು ಹೇಳಿದ ಮೇಲೆ ಇಂಗ್ಲಿಷಿನಲ್ಲಿ ‘ಹ್ಯಾವ್’ ಬರುವಂತಿಲ್ಲ, ‘ಐ ಪೇಯ್ಡ್’ ಎಂದೇ ಇರಬೇಕು. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ. ಆ ವರ್ಷದ ಹಿಂದೆ ‘ಇನ್’ ಇದ್ದರೆ ‘ದ ಯೂನಿವರ್ಸಿಟಿ ಓಪನ್ಡ್ ಇನ್ 1916’ ಎಂದಾಗುತ್ತದೆ. ‘ಸಿನ್ಸ್’ ಇದ್ದರೆ, ಕೆಲಸ ಇಂದಿಗೂ ನಡೆದಿರುವುದರಿಂದ, ‘ಇಟ್ ಹ್ಯಾಸ್ ಟಾಟ್ ಸ್ಟೂಡೆಂಟ್ಸ್ ಸಿನ್ಸ್ 1916’ ಎಂದಾಗುತ್ತದೆ. ವರ್ಷ ಒಂದೇ ಆದರೂ ಅದರ ಹಿಂದಿನ ಚಿಕ್ಕ ಪದವೇ ಟೆನ್ಸನ್ನು ನಿರ್ಧರಿಸಿತು ಎಂಬುದನ್ನು ಮಕ್ಕಳಿಗೆ ನಿಧಾನವಾಗಿ ತೋರಿಸಿಕೊಡಬೇಕು.

‘ಫಾರ್’ ಮಾತ್ರ ಅಷ್ಟು ನೆಚ್ಚಬಹುದಾದ ಗುರುತಲ್ಲ. ಐದು ವರ್ಷದಿಂದ ಮೈಸೂರಿನಲ್ಲಿದ್ದು ಈಗಲೂ ಅಲ್ಲೇ ಇರುವವರು ‘ಐ ಹ್ಯಾವ್ ಬೀನ್ ಲಿವಿಂಗ್ ಇನ್ ಮೈಸೂರು ಫಾರ್ ಫೈವ್ ಇಯರ್ಸ್’ ಎನ್ನಬೇಕು. ಇಲ್ಲಿ ‘ಆಮ್ ಲಿವಿಂಗ್’ ತಪ್ಪು. ಐದು ವರ್ಷ ಇದ್ದು ಊರು ಬಿಟ್ಟವರಾದರೆ ‘ಐ ಲಿವ್ಡ್’ ಸಾಕು. ಆದ್ದರಿಂದ ಆ ಸಂಗತಿ ಇನ್ನೂ ಮುಂದುವರಿದಿದೆಯೇ ಎಂದು ಅಕ್ಕಪಕ್ಕದ ವಾಕ್ಯಗಳನ್ನೂ ಓದಿ ತಿಳಿಯಬೇಕು.

ನಾಳೆ ನಾಲೆಗೆ ನೀರು ಬಿಟ್ಟರೆ ನಾಟಿ ಮಾಡುತ್ತೇವೆ ಎಂಬ ಅರ್ಥದ ವಾಕ್ಯದಲ್ಲಿ, ಎರಡೂ ಕೆಲಸ ಮುಂದೆ ನಡೆಯುವಂಥವಾದರೂ, ‘ಇಫ್’ ಇರುವ ಭಾಗಕ್ಕೆ ‘ವಿಲ್’ ಸೇರಿಸಬಾರದು: ‘ಇಫ್ ದೇ ರಿಲೀಸ್ ವಾಟರ್ ಟುಮಾರೋ, ವಿ ವಿಲ್ ಪ್ಲಾಂಟ್ ಪ್ಯಾಡಿ’. ‘ವೆನ್’, ‘ಅಂಟಿಲ್’ ಪದಗಳಿಂದ ಸಮಯ ಹೇಳುವ ಭಾಗಕ್ಕೂ ಇದೇ ನಿಯಮ.

ಕಾಲಸೂಚಕ ಪದವೇ ಇಲ್ಲದಿದ್ದರೆ ವಾಕ್ಯದಲ್ಲಿ ಮೊದಲೇ ಕೊಟ್ಟಿರುವ ಇನ್ನೊಂದು ಕ್ರಿಯಾಪದವನ್ನು ನೋಡಬೇಕು. ‘ವೆನ್ ವಿ ರೀಚ್ಡ್ ಮಂಡ್ಯ ಸ್ಟೇಷನ್’ ಎಂದಿದ್ದು, ರೈಲು ಅದಕ್ಕೂ ಮುಂಚೆಯೇ ಹೊರಟಿತ್ತು ಎಂಬ ಅರ್ಥವಿದ್ದರೆ ‘ದ ಟ್ರೈನ್ ಹ್ಯಾಡ್ ಲೆಫ್ಟ್’ ಎಂದು ಬರೆಯಬೇಕು.